ರಾಜಕುಮಾರಿ ಅಮೃತ್ ಕೌರ್

1947ರಲ್ಲಿ ಭಾರತವು ಸ್ವತಂತ್ರವಾದಾಗ ಪರಕೀಯರ ಆಳ್ವಿಕೆಯಿಂದ ಅದಕ್ಕೆ ಉಳಿದು ಬಂದದ್ದರಲ್ಲಿ ರೋಗರುಜಿನಗಳ ಪಾಲೇ ದೊಡ್ಡದಾಗಿತ್ತು. ಆಗಿನ ಅಂದಾಜಿನಂತೆ ವರ್ಷಕ್ಕೆ 7.5 ಕೋಟಿ ಜನರು ಮಲೇರಿಯಾದಿಂದ ನರಳುತ್ತಿದ್ದರು. 8 ಲಕ್ಷ ಮಂದಿ ಅದಕ್ಕೆ ಬಲಿಯಾಗುತ್ತಿದ್ದರು. ಕ್ಷಯರೋಗವು ಸುಮಾರು 5 ಲಕ್ಷ ಜನರನ್ನು ಕೊಂಡೊಯ್ಯುತ್ತಿತ್ತು. 1946ರಲ್ಲಿ ಭೋರ್ ಸಮಿತಿಯು ತನ್ನ ವರದಿಯಲ್ಲಿ ಈ ದುಃಸ್ಥಿತಿಯನ್ನು ವಿವರಿಸಿ ಪರಿಹಾರದ ಮಾರ್ಗವನ್ನೂ ತೋರಿಸಿತ್ತು. ಆದರೆ ಆ ಮಾರ್ಗದಲ್ಲಿ ನಡೆಯಲು ಬೇಕಾದ ಹಣ ಬೊಕ್ಕಸದಲ್ಲಿರಲಿಲ್ಲ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ನಿರಾಶ್ರಿತರಿಗೆ ಅನ್ನ, ಆಸರೆಗಳನ್ನು ಒದಗಿಸುವುದೇ ಸರ್ಕಾರಕ್ಕೆ ದುಸ್ತರವಾಗಿತ್ತು. ಇಂಥ ಹೊತ್ತಿನಲ್ಲಿ ಆರೋಗ್ಯ ಖಾತೆಯ ಹೊಣೆಯನ್ನು ಹೊತ್ತವರು ರಾಜಕುಮಾರಿ ಅಮೃತ್ ಕೌರ್. ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿದ್ದ ಏಕೈಕ ಮಹಿಳೆ ಅವರು.

ಅಮೃತ್ ಕೌರ್ ಅವರು 1887ರಲ್ಲಿ ಲಖನೌ ನಗರದಲ್ಲಿ ಜನಿಸಿದರು. ತಂದೆ ಕಪೂರ್ತಲಾ ರಾಜವಂಶದ ರಾಜಾ ಹರ್ನಾಮ್ ಸಿಂಗ್. ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದರು. ಹಲವರು ಅಣ್ಣತಮ್ಮಂದಿರ ನಡುವೆ ಒಬ್ಬಳೇ ಮಗಳಾಗಿ ಬೆಳೆದ ಅಮೃತ್ ಕೌರ್ ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಿದರು. ಟೆನಿಸ್ ಆಟದಲ್ಲಿ ಹೆಸರು ಗಳಿಸಿದರು. ಹರ್ನಾಮ್ ಸಿಂಗರ ಮನೆಗೆ ಗೋಪಾಲಕೃಷ್ಣ ಗೋಖಲೆಯವರು ಬಂದು ಹೋಗುತ್ತಿದ್ದರು. ದೇಶದ ಚಿಂತೆ ಆ ಮಗಳ ಮನಸ್ಸಿಗೆ ತಾಕಿದ್ದು ಅವರ ಮಾತುಗಳಿಂದಲೇ. 1919ರಲ್ಲಿ ಅವರು ಮುಂಬಯಿಯಲ್ಲಿ ಗಾಂಧೀಜಿಯವರನ್ನು ಕಂಡರು. ಆದರೆ ವೃದ್ಧರಾದ ತಂದೆಯ ಮನಸ್ಸನ್ನು ನೋಯಿಸಲಾರದೆ ಬಹುಕಾಲ ಕಾದರು. 1930ರಲ್ಲಿ ತಂದೆ ತೀರಿಕೊಂಡ ಮೇಲೆ ಅವರ ದಾರಿ ನಿಶ್ಚಯವಾಯಿತು. ರೇಷ್ಮೆ ಹೋಗಿ ಖಾದಿ ಬಂತು. ಅರಮನೆಯ ಊಟ ಹೋಗಿ ಆಶ್ರಮದ ಊಟ ಬಂತು. ಗಾಂಧೀಜಿಯವರ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿ ವರ್ಷಾನುಗಟ್ಟಲೆ ದುಡಿದ ಅವರು, 1942ರ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡರು.

ಮಂತ್ರಿಪದವಿ ಬಂದಾಗ ಅವರ ವಯಸ್ಸು ಅರವತ್ತು. ಅದಾದ ಕೆಲವೇ ತಿಂಗಳಲ್ಲಿ, 1948ರ ಏಪ್ರಿಲ್ 7ರಂದು, ವಿಶ್ವ ಆರೋಗ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಅದರ ಮೊದಲ ಪ್ರಾದೇಶಿಕ ಕಚೇರಿ 1949ರಲ್ಲಿ ದೆಹಲಿಯಲ್ಲಿಯೇ ತೆರೆಯಿತು. ಯುದ್ಧದಿಂದ ನೊಂದ ಯೂರೋಪಿನ ಮಕ್ಕಳಿಗಾಗಿ ಹುಟ್ಟಿಕೊಂಡಿದ್ದ ಯುನಿಸೆಫ್ ಸಂಸ್ಥೆಯೂ ಏಷ್ಯದ ಕಡೆಗೆ ಮುಖಮಾಡತೊಡಗಿತ್ತು. ಈ ಅವಕಾಶವನ್ನು ಅಮೃತ್ ಕೌರ್ ಬಿಡಲಿಲ್ಲ.

ಹೊರನಾಡಿನ ನೆರವು ಕೇಳಿದೊಡನೆ ಕೈಗೆ ಬರುವ ವಸ್ತುವಲ್ಲ. ನೆರವು ಬೇಕಾದ ಸರ್ಕಾರವೇ ತನ್ನ ಯೋಜನೆಯನ್ನು ಸಿದ್ಧಪಡಿಸಿ ಮುಂದಿಡಬೇಕು. ಯುನಿಸೆಫ್ ಔಷಧ, ವಾಹನ, ಯಂತ್ರಗಳನ್ನು ಕೊಟ್ಟರೆ, ಕೆಲಸಗಾರರ ಸಂಬಳ, ಕಟ್ಟಡ, ಸಾಗಣೆಗಳ ವೆಚ್ಚವನ್ನು ಪಡೆದ ದೇಶವೇ ಹೊರಬೇಕು. ನಮ್ಮ ಸಂವಿಧಾನದಂತೆ ಸಾರ್ವಜನಿಕ ಆರೋಗ್ಯ ರಾಜ್ಯಗಳಿಗೆ ಸೇರಿದ ವಿಷಯ. ಆದ್ದರಿಂದ ಕೇಂದ್ರದ ಮಂತ್ರಿ ಜಿನೀವಾದಲ್ಲಿ ಒಪ್ಪಿಸಿ ಬಂದರೆ ಸಾಲದು. ಮನೆಗೆ ಮರಳಿ ಒಂದೊಂದು ರಾಜ್ಯವನ್ನೂ ಒಪ್ಪಿಸಬೇಕಾಗಿತ್ತು. ಎರಡನೆಯ ಕೆಲಸವೇ ಮೊದಲನೆಯದಕ್ಕಿಂತ ಕಷ್ಟದ್ದಾಗಿದ್ದಿರಬೇಕು! ಅರಮನೆಯಲ್ಲಿ ಹುಟ್ಟಿ ಆಶ್ರಮದಲ್ಲಿ ಪಳಗಿದ ಆಕೆಗೆ ಕೇಳುವುದರಲ್ಲಿ ದೈನ್ಯವಿರಲಿಲ್ಲ, ಪಡೆಯುವುದರಲ್ಲಿ ಸಂಕೋಚವಿರಲಿಲ್ಲ.

1950ರಲ್ಲಿ ವಿಶ್ವ ಆರೋಗ್ಯ ಸಭೆಯು ಅವರನ್ನು ತನ್ನ ಅಧ್ಯಕ್ಷೆಯನ್ನಾಗಿ ಆರಿಸಿತು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು; ಏಷ್ಯದವರಲ್ಲಿಯೂ ಮೊದಲಿಗರು. ಸೋವಿಯತ್ ಒಕ್ಕೂಟ ಮೊದಲಾದ ಕೆಲವು ರಾಷ್ಟ್ರಗಳು ಹೊರನಡೆದಿದ್ದರಿಂದ ಸಂಸ್ಥೆಯು ಸಂಕಟದಲ್ಲಿದ್ದ ಕಾಲವದು.

ಮಲೇರಿಯಾ ನಿಗ್ರಹದ ಪ್ರಾತ್ಯಕ್ಷಿಕೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನ ತಂಡಗಳು ಕೆಲಸಮಾಡಿದ ಪ್ರದೇಶಗಳಲ್ಲಿ ಹಿಮಾಲಯದ ತಪ್ಪಲಿನ ತರಾಯಿಯಂತೆ ಮೈಸೂರು ಸೀಮೆಯ ಮಲೆನಾಡೂ ಸೇರಿತ್ತು. ಚಳಿಜ್ವರ, ಜ್ವರಗಡ್ಡೆಗಳೆಂದರೆ ಮಲೆನಾಡಿಗರು ಹಣೆಬರಹವೆಂದು ನಂಬಿದ್ದ ದಿನಗಳವು. ನಾಟಿಗೂ ಕೊಯ್ಲಿಗೂ ಆಳು ಸಿಗದೆ ಗದ್ದೆಗಳು ಬೀಳುಬೀಳುತ್ತಿದ್ದವು. ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದರೆ, ರಕ್ತ ಹೀರಿ ಗೋಡೆಯ ಮೇಲೆ ಕುಳಿತ ಸೊಳ್ಳೆಯು ಅಲ್ಲಿಯೇ ಸಾಯುತ್ತದೆ; ರೋಗವನ್ನು ಮತ್ತೊಬ್ಬರಿಗೆ ಸಾಗಿಸಲು ಬದುಕಿರುವುದಿಲ್ಲ. ಇಂಥ ಪ್ರಯೋಗಗಳ ಅನುಭವದ ಬಲದಿಂದ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾಯಿತು. ಅಮೆರಿಕವು ತಾಂತ್ರಿಕ ಸಹಕಾರದ ಒಪ್ಪಂದದಂತೆ ಡಿ.ಡಿ.ಟಿ.ಯನ್ನು ಒದಗಿಸಿತು. ಸದಾ ತರಿಸಿಕೊಳ್ಳುತ್ತಲೇ ಇರಲಾಗದೆಂದು, ಅದೇ ಸಂಸ್ಥೆಗಳ ಸಹಾಯದಿಂದ ದೆಹಲಿಯಲ್ಲಿ ಡಿ.ಡಿ.ಟಿ. ಕಾರ್ಖಾನೆಯೂ ಪುಣೆಯ ಬಳಿಯ ಪಿಂಪ್ರಿಯಲ್ಲಿ ಪೆನಿಸಿಲಿನ್ ಕಾರ್ಖಾನೆಯೂ ತಲೆಯೆತ್ತಿದವು. 1958ರ ವೇಳೆಗೆ ಮಲೇರಿಯಾ ರೋಗಿಗಳ ಸಂಖ್ಯೆ 20 ಲಕ್ಷಕ್ಕೆ ಇಳಿಯಿತು, 1961ರಲ್ಲಿ 50,000ದಷ್ಟಾಯಿತು. ಆ ಜಯ ಸ್ಥಿರವಾಗಿ ನಿಲ್ಲಲಿಲ್ಲವೆಂಬುದೂ ನಿಜ. ಸೊಳ್ಳೆಗಳು ವಿಷಕ್ಕೆ ಒಗ್ಗಿಕೊಂಡವು, ಎಚ್ಚರ ಸಡಿಲವಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷಕ್ಕೇರಿತು.

ಕ್ಷಯದ ವಿಷಯದಲ್ಲಿ ಅವರು ಎದುರಿಸಿದ್ದು ಹಣದ ಅಭಾವವನ್ನಷ್ಟೇ ಅಲ್ಲ. 1948ರಲ್ಲಿ ಮದ್ರಾಸಿನ ಗಿಂಡಿಯಲ್ಲಿ ಬಿ.ಸಿ.ಜಿ. ಲಸಿಕೆಯ ತಯಾರಿಕೆಗೆ ಪ್ರಯೋಗಶಾಲೆ ಸ್ಥಾಪಿತವಾಯಿತು. ಯುನಿಸೆಫ್ ಮತ್ತು ಉತ್ತರ ಯೂರೋಪಿನ ರೆಡ್‌ಕ್ರಾಸ್ ಸಂಸ್ಥೆಗಳ ನೆರವಿನಿಂದ ಲಸಿಕೆಯ ತಂಡಗಳು ಬಂದವು; 1951ರಲ್ಲಿ ಅದು ದೇಶವ್ಯಾಪಿ ಆಂದೋಲನವಾಯಿತು. ಆಗ ವಿರೋಧದ ಧ್ವನಿ ಎದ್ದಿತು. 1955ರಲ್ಲಿ ಆ ವಿರೋಧದ ಮುಂದಾಳಾಗಿ ನಿಂತವರು ಸಾಮಾನ್ಯರಲ್ಲ. ಗಾಂಧೀಜಿಯವರ ಬೀಗರೂ ಭಾರತದ ಗವರ್ನರ್ ಜನರಲ್ ಆಗಿದ್ದವರೂ ಆದ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಜೀವಂತ ರೋಗಾಣುವನ್ನು ಕೋಟ್ಯಂತರ ಮಕ್ಕಳ ಮೈಗೆ ಸೇರಿಸುವಷ್ಟು ಈ ಲಸಿಕೆಯ ಗುಣ ಸಿದ್ಧವಾಗಿಲ್ಲವೆಂಬುದು ಅವರ ವಾದ. ಗಾಂಧೀಜಿಯವರಿಗೂ ಲಸಿಕೆಗಳಲ್ಲಿ ಒಲವಿರಲಿಲ್ಲ. ಗುರುವಿನ ಅಭಿಪ್ರಾಯ ಒಂದು ಕಡೆ, ಕ್ಷಯದಿಂದ ಸಾಯುವ ಎಳೆಯರು ಇನ್ನೊಂದು ಕಡೆ. ಅಮೃತ್ ಕೌರ್ ಎರಡನೆಯದನ್ನು ಆರಿಸಿಕೊಂಡರು. ಯಾರನ್ನೂ ಬಲವಂತಪಡಿಸಬಾರದೆಂಬುದನ್ನು ಒಪ್ಪಿದರು. ಕಾರ್ಯಕ್ರಮವನ್ನು ಮಾತ್ರ ನಿಲ್ಲಿಸಲಿಲ್ಲ. ಮುಂದೆ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ನಡೆದ ದೀರ್ಘ ಪರೀಕ್ಷೆಯಿಂದ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ತಡೆಯಲಾರದೆಂದು ತಿಳಿದುಬಂದಿತು. ಆದರೆ ಹಸುಗೂಸುಗಳನ್ನು ಮಿದುಳಿನ ಪೊರೆಯ ಕ್ಷಯದಂಥ ಘೋರ ವ್ಯಾಧಿಗಳಿಂದ ಅದು ಕಾಪಾಡುತ್ತದೆ. ಇಂದಿಗೂ ನಮ್ಮಲ್ಲಿ ಹುಟ್ಟಿದ ಮಗುವಿಗೆ ಅದನ್ನು ಹಾಕುತ್ತಾರೆ. ಇಬ್ಬರು ಹಿರಿಯರ ಆ ವಾದದಲ್ಲಿ ಸತ್ಯವು ಒಬ್ಬರ ಕಡೆಗೇ ಇರಲಿಲ್ಲ.

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಅವರ ಕನಸಿನ ಕೂಸು. ಕೊಲಂಬೊ ಯೋಜನೆಯಡಿ ನ್ಯೂಜಿಲೆಂಡ್ ನೀಡಿದ ಉದಾರ ನೆರವಿನಿಂದ 1952ರಲ್ಲಿ ಅದರ ಅಸ್ತಿಭಾರ ಬಿದ್ದಿತು. ಬೇರೆ ದೇಶಗಳಿಂದಲೂ ಧನಸಹಾಯ ಬಂದಿತು. 1956ರಲ್ಲಿ ಸಂಸ್ಥೆಯ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದವರೂ ಅವರೇ, ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ. 1957ರಲ್ಲಿ ಮಂತ್ರಿಪದವಿ ಬಿಟ್ಟ ಮೇಲೂ ರಾಜ್ಯಸಭೆಯ ಸದಸ್ಯರಾಗಿದ್ದುಕೊಂಡು ಅವರು ಈ ಕೆಲಸಗಳನ್ನು ಬಿಡಲಿಲ್ಲ. ಅವರು ಹಾಕಿಕೊಟ್ಟ ದಾರಿಯಲ್ಲಿಯೇ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನೊಡನೆ, 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು.

ಸಿಮ್ಲಾದಲ್ಲಿ ಅವರ ಕುಟುಂಬಕ್ಕೆ ಸೇರಿದ ಮ್ಯಾನರ್‌ವಿಲ್ ಎಂಬ ಮನೆಯೊಂದಿತ್ತು. ಗಾಂಧೀಜಿಯವರು ಆ ಊರಿಗೆ ಹೋದಾಗ ಅಲ್ಲಿ ಇಳಿದುಕೊಳ್ಳುತ್ತಿದ್ದರು. ದೇಶದೇಶಗಳಿಂದ ನೆರವು ತಂದ ಅಮೃತ್ ಕೌರ್, ಆ ಮನೆಯನ್ನು ವೈದ್ಯವಿಜ್ಞಾನ ಸಂಸ್ಥೆಯ ಸಿಬ್ಬಂದಿಯು ರಜೆಯಲ್ಲಿ ಬಂದು ದಣಿವಾರಿಸಿಕೊಳ್ಳಲೆಂದು ದಾನವಾಗಿ ಕೊಟ್ಟುಬಿಟ್ಟರು. 1964ರ ಫೆಬ್ರವರಿ 6ರಂದು ಅವರು ದೆಹಲಿಯಲ್ಲಿ ಕಾಲವಾದರು.