ಕಾರ್ಖಾನೆಯನ್ನೇ ಪಾಠಶಾಲೆಯಾಗಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅನೇಕ ಮನೆಗಳಲ್ಲಿ ಒಂದೇ ಚಿಂತೆ: ಕಾಲೇಜಿಗೆ ಹೋಗಲಾರದ ಮಕ್ಕಳಿಗೆ ಮುಂದೇನು? ಕೆಲವರು ಐ.ಟಿ.ಐ. ಸೇರಿ ಫಿಟ್ಟರ್, ಟರ್ನರ್, ವೆಲ್ಡರ್ ಕೆಲಸ ಕಲಿಯುತ್ತಾರೆ. ಪ್ರಮಾಣಪತ್ರ ಹಿಡಿದು ಕಾಗಲ, ಶಿರೋಳಿ, ಗೋಕುಳ ಶಿರಗಾವದ ಕಾರ್ಖಾನೆಗಳ ಬಾಗಿಲಿಗೆ ಹೋದರೆ ಅಲ್ಲಿ ಮೊದಲು ಕೇಳುವುದು ಅನುಭವ. ಕೆಲಸವಿಲ್ಲದೆ ಅನುಭವ ಬರದು. ಅನುಭವವಿಲ್ಲದೆ ಕೆಲಸ ದೊರೆಯದು. ನಮ್ಮ ಜಿಲ್ಲೆಯವರೇ ಆದ ಒಬ್ಬ ಮಹನೀಯರು ನೂರು ವರ್ಷಗಳಿಗೂ ಹಿಂದೆ ಈ ಗಂಟನ್ನು ತಮ್ಮದೇ ರೀತಿಯಲ್ಲಿ ಬಿಡಿಸಿದ್ದರು. ಅವರ ಜೀವನವನ್ನು ಈ ವಾರ ಅವಲೋಕಿಸೋಣ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಅವರು ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ವೇದಾಂತದಲ್ಲಿ ಪಂಡಿತರು. ಬಾಲಕನ ಒಲವಾದರೋ ಚಿತ್ರ ಬರೆಯುವುದರಲ್ಲಿ, ಯಂತ್ರಗಳ ಕೀಲು ಬಿಚ್ಚಿ ನೋಡುವುದರಲ್ಲಿ. ತಂದೆಗೆ ಮನಸ್ಸಿಲ್ಲದಿದ್ದರೂ ಅಣ್ಣ ರಾಮುಅಣ್ಣನವರ ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ತಿಳಿದುಬಂದ ಸಂಗತಿ ಕಠೋರವಾಗಿತ್ತು. ಕೆಲವು ಬಣ್ಣಗಳ ಭೇದ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಚಿತ್ರಕಲಾವಿದನಾಗುವ ಆಸೆಯನ್ನು ಬಿಟ್ಟು ಅವರು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಹಿಡಿದರು. ಆ ವಿದ್ಯೆಯೇ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕ ವೃತ್ತಿಯನ್ನು ದೊರಕಿಸಿತು.

1888ರಲ್ಲಿ ಸಹೋದರರು ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಆರಂಭಿಸಿದ್ದರು. ಮುಂದೆ ನ್ಯಾಯವಾಗಿ ದೊರೆಯಬೇಕಾಗಿದ್ದ ಬಡ್ತಿ ತಪ್ಪಿದಾಗ ಲಕ್ಷ್ಮಣರಾಯರು ಅಧ್ಯಾಪಕ ವೃತ್ತಿಗೆ ರಾಜೀನಾಮೆಯಿತ್ತು ಊರಿಗೆ ಮರಳಿದರು. ಸೈಕಲ್ ಅಂಗಡಿಯ ಬೆನ್ನಿಗೆ ಒಂದು ಸಣ್ಣ ಕಾರ್ಖಾನೆ ಹುಟ್ಟಿತು. ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಅಲ್ಲಿ ತಯಾರಾದವು. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ವಸ್ತುವನ್ನು ಮಾಡಲು ಬಲ್ಲವನು ಅದನ್ನು ಬಳಸುವವನ ಮನಸ್ಸನ್ನೂ ಅರಿಯಬೇಕೆಂಬ ಪಾಠವನ್ನು ಈ ಎರಡು ವರ್ಷ ಅವರಿಗೆ ಕಲಿಸಿದವು.

ಬೆಳಗಾವಿಯ ಬಡಾವಣೆ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಆಸರೆಯಾದರು. ಅವರು 32 ಎಕರೆ ಬರಡು ಭೂಮಿಯನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಕುಡಚಿ, ಉಗಾರ, ಶೇಡಬಾಳಗಳ ಮೂಲಕ ಮಿರಜಿಗೆ ಹೋಗುವ ನಮ್ಮ ರೈಲು ಪುಣೆಯತ್ತ ಮುಂದುವರಿದರೆ ಆ ಸ್ಥಳ ಸಿಗುತ್ತದೆ. ಅಂದು ಕುಂಡಲ ರೋಡ್ ಎಂಬ ಹೆಸರಿದ್ದ ನಿಲ್ದಾಣ ಇಂದು ಕಿರ್ಲೋಸ್ಕರವಾಡಿಯಾಗಿದೆ. 1910ರಲ್ಲಿ ಇಪ್ಪತ್ತೈದು ಕೆಲಸಗಾರರ ಕುಟುಂಬಗಳೊಡನೆ ಲಕ್ಷ್ಮಣರಾಯರು ಕಳ್ಳಿ ಬೆಳೆದ, ಹಾವುಗಳು ಹರಿದಾಡುತ್ತಿದ್ದ ಆ ನೆಲವನ್ನು ಹಸನುಗೊಳಿಸಿ ಕಾರ್ಖಾನೆ ಹಾಗೂ ಊರು ಎರಡನ್ನೂ ಕಟ್ಟಿದರು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಸ್ಥಳವಿರಲಿಲ್ಲ.

ಅವರೊಡನೆ ದುಡಿದವರು ಎಂಥವರು ಎಂಬುದನ್ನು ಗಮನಿಸಬೇಕು. ಓದನ್ನು ನಡುವೆ ಬಿಟ್ಟಿದ್ದ ಅನಂತರಾವ್ ಫಳಣೀಕರ ಅಲ್ಲಿ ಕಲ್ಪಕ ಎಂಜಿನಿಯರ್ ಆದರು. ಓದಿನಲ್ಲಿ ಮುಂದೆ ಬರಲಾಗದ ಕೆ.ಕೆ. ಕುಲಕರ್ಣಿ ವ್ಯವಸ್ಥಾಪಕರಾದರು. ಸೆರೆಮನೆಯಿಂದ ಹೊರಬಂದವರಿಗೂ ಕಾವಲಿನ ಹೊಣೆ ದೊರೆಯಿತು. ಅವರು ವಿಶ್ವಾಸ ಕೆಡಿಸಲಿಲ್ಲ. ಲಕ್ಷ್ಮಣರಾಯರು ಮನುಷ್ಯನ ಅಂಕಪಟ್ಟಿಯನ್ನು ನೋಡದೆ ಅವನ ಕೈ, ಕಣ್ಣು, ಹುಮ್ಮಸ್ಸುಗಳನ್ನು ನೋಡುತ್ತಿದ್ದರು. ಪ್ರಥಮ ಮಹಾಯುದ್ಧದಲ್ಲಿ ವಿದೇಶದ ಬೀಡು ಬರುವುದು ನಿಂತಾಗ ಕೋಟೆಗಳ ಹಳೆಯ ಫಿರಂಗಿಗಳನ್ನು ಕರಗಿಸಿ ನೇಗಿಲು ಮಾಡಿದವರು ಇಂಥ ಕೆಲಸಗಾರರೇ.

ಇದರ ಹಿಂದಿರುವ ತತ್ತ್ವ ಹಳೆಯದು. ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆಂದು ಗ್ರೀಸಿನ ಅರಿಸ್ಟಾಟಲ್ ಬೋಧಿಸಿದ್ದನು. ತಿಳಿವಳಿಕೆಯನ್ನು ಪುಸ್ತಕ ಕೊಡಬಲ್ಲುದು. ಕೌಶಲವನ್ನು ಅಭ್ಯಾಸವೇ ಕೊಡಬೇಕು. ಆದರೆ ಅಭ್ಯಾಸದ ಹೆಸರಿನಲ್ಲಿ ಎಳೆಯರ ಶೋಷಣೆಯಾಗದಂತೆ ಕಾವಲೂ ಬೇಕು. ಇಟಲಿಯ ತೂರಿನ್ ನಗರದಲ್ಲಿ ಸಂತ ಡಾನ್ ಬಾಸ್ಕೊ ಅವರು 1852ರಷ್ಟು ಹಿಂದೆಯೇ ಬಡ ಹುಡುಗರ ಪರವಾಗಿ ಕಸುಬಿನ ಯಜಮಾನರೊಡನೆ ಲಿಖಿತ ಕರಾರು ಮಾಡಿಸಿದ್ದರು. ಹುಡುಗನಿಗೆ ಕಸುಬನ್ನೇ ಕಲಿಸಬೇಕು, ಬೇರೆ ಚಾಕರಿಗೆ ಹಚ್ಚಬಾರದು, ತಪ್ಪಿದರೆ ಮಾತಿನಿಂದಷ್ಟೇ ತಿದ್ದಬೇಕು, ಹಬ್ಬದ ದಿನ ಬಿಡುವು ಕೊಡಬೇಕು ಎಂಬುದು ಅದರ ಸಾರ.

ಇಂದು ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಕಾನೂನೇ ಇದೆ. 1961ರ ಅಪ್ರೆಂಟಿಸ್ ಕಾಯಿದೆ ಹಾಗೂ 2019ರಲ್ಲಿ ತಿದ್ದಿದ ಅದರ ನಿಯಮಗಳಂತೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ವೇತನ ಕೊಟ್ಟು ತರಬೇತುಗೊಳಿಸಬೇಕು. ಆದುದರಿಂದ ಮಕ್ಕಳನ್ನು ಐ.ಟಿ.ಐ.ಗೆ ಸೇರಿಸುವ ಮುನ್ನ ತಂದೆತಾಯಿಗಳು ಕೇಳಬೇಕಾದದ್ದು ಶುಲ್ಕವೊಂದನ್ನೇ ಅಲ್ಲ. ವರ್ಕ್‌ಷಾಪಿನ ಯಂತ್ರಗಳು ನಡೆಯುತ್ತಿವೆಯೇ? ಮಕ್ಕಳ ಕೈಗೆ ಎಷ್ಟು ತಾಸು ಕೆಲಸ ಸಿಗುತ್ತದೆ? ತರಬೇತಿ ಮುಗಿದವರನ್ನು ಅಪ್ರೆಂಟಿಸರಾಗಿ ಯಾವ ಕಾರ್ಖಾನೆ ಕರೆದುಕೊಳ್ಳುತ್ತದೆ? ಇವನ್ನು ವಿಚಾರಿಸಬೇಕು. ಸಕ್ಕರೆ ಕಾರ್ಖಾನೆಗಳು ತುಂಬಿರುವ ನಮ್ಮ ಭಾಗದ ಉದ್ಯಮಿಗಳೂ ಅನುಭವವನ್ನು ಕೇಳುವ ಮುನ್ನ ಅದನ್ನು ಕೊಡಲು ಮುಂದಾಗಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದ ವೇಳೆಗೆ ಮುಚ್ಚಿತು. ನುರಿತ ಕೆಲಸಗಾರರೂ ಬೀದಿಗೆ ಬಿದ್ದರು. ಒಂದೇ ಯಂತ್ರದ ಒಂದೇ ಗುಂಡಿ ಒತ್ತಲು ಕಲಿಸುವ ತರಬೇತಿ ಆ ಯಂತ್ರದೊಡನೆಯೇ ಹಳತಾಗುತ್ತದೆ. ನಕ್ಷೆ ಓದುವುದು, ಅಳತೆ ತಪ್ಪದಿರುವುದು, ಹೊಸದನ್ನು ತಾನೇ ಕಲಿಯುವುದು ಇವು ಮಾತ್ರ ಉಳಿಯುವ ಬಂಡವಾಳ. ಬಣ್ಣ ಕೈಬಿಟ್ಟಾಗ ರೇಖೆಯನ್ನೂ, ನೌಕರಿ ಕೈಬಿಟ್ಟಾಗ ಕಾರ್ಖಾನೆಯನ್ನೂ ಹಿಡಿದ ಲಕ್ಷ್ಮಣರಾಯರ ಬಾಳಿನಲ್ಲಿ ನಾವು ಕಾಣುವುದು ಈ ಬಂಡವಾಳವನ್ನೇ.

1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರ್ಕಾರ ಅಂಚೆಚೀಟಿ ಹೊರಡಿಸಿ ಗೌರವಿಸಿತು. ಈ ವರ್ಷ ಶಾಲೆ ಬಿಟ್ಟ ನಮ್ಮೂರಿನ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಒಬ್ಬ ಬಲ್ಲ ಕೆಲಸಗಾರನ ಪಕ್ಕದಲ್ಲಿ ನಿಲ್ಲಿಸಿ, ಕಲಿಯುವವರೆಗೆ ತಾಳ್ಮೆಯಿಂದ ಕಾದರೆ, ಅದು ಅವರಿಗೆ ನಾವು ಸಲ್ಲಿಸುವ ನಿಜವಾದ ಗೌರವವಾದೀತು.