ದಾಸ್ಯವಿಮೋಚನೆಯ ಧೀರೆ ಹ್ಯಾರಿಯೆಟ್ ಟಬ್ಮನ್

ಜೀತವೆಂಬ ಶಬ್ದದ ಅರ್ಥವನ್ನು ಕನಕಪುರದ ಸೀಮೆಯ ವೃದ್ಧರು ನಿಘಂಟು ನೋಡಿ ತಿಳಿಯಬೇಕಾದುದಿಲ್ಲ. ತಂದೆಯು ಮದುವೆಗೋ ಮರಣಕ್ಕೋ ಪಡೆದ ಸಾಲಕ್ಕಾಗಿ ಮಗನು ಸಾಹುಕಾರನ ಕೊಟ್ಟಿಗೆಯಲ್ಲಿ ದನ ಕಟ್ಟುತ್ತ ಯೌವನವನ್ನು ಸವೆಸಿದ ಸಂಗತಿ ನಮ್ಮ ಹಳ್ಳಿಗಾಡಿಗೆ ಹೊಸತಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸುವ ಶಾಸನವು ಭಾರತದಲ್ಲಿ ಬಂದದ್ದು 1976ರಲ್ಲಿ. ಆದರೆ ಜೀತದಾಳಿನ ಹೆಂಡತಿಮಕ್ಕಳನ್ನು ಸಂತೆಯಲ್ಲಿ ನಿಲ್ಲಿಸಿ ಹರಾಜು ಕೂಗುವ ಅಧಿಕಾರ ಇಲ್ಲಿಯ ಸಾಹುಕಾರನಿಗೆ ಇರಲಿಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳ ಧಣಿಗಳಿಗೆ ಆ ಅಧಿಕಾರವೂ ಇದ್ದಿತು. ತಾಯಿ ದಾಸಿಯಾದರೆ ಆಕೆಯ ಗರ್ಭದಲ್ಲಿ ಜನಿಸಿದ ಶಿಶುವೂ ಧಣಿಯ ಸ್ವತ್ತೆಂಬುದೇ ಅಲ್ಲಿಯ ಕಾಯಿದೆ. ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ಮಾರುವ ಈ ವ್ಯಾಪಾರವು ನಮ್ಮ ನಾಡಿನ ಬಾಗಿಲನ್ನೂ ಮುಟ್ಟಿತ್ತು. ಪೋರ್ಚುಗೀಸರು ಗೋವೆಗೆ ತಂದ ದಾಸರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಹೊಕ್ಕರು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನರಲ್ಲಿ ಅವರ ಸಂತತಿ ಇಂದಿಗೂ ಇದೆ. ಹಾಗೆ ತಪ್ಪಿಸಿಕೊಂಡವರು ಅನೇಕರು. ತಪ್ಪಿಸಿಕೊಂಡು, ಅಷ್ಟಕ್ಕೆ ನೆಮ್ಮದಿಗೊಳ್ಳದೆ, ಬಿಟ್ಟುಬಂದ ಸೆರೆಯೊಳಕ್ಕೆ ತಾನಾಗಿಯೇ ಮರಳಿ ಮರಳಿ ನಡೆದು ಇತರರನ್ನು ಕೈಹಿಡಿದು ಕರೆತಂದವರು ವಿರಳ. ಹ್ಯಾರಿಯೆಟ್ ಟಬ್ಮನ್ ಅಂಥವರಲ್ಲಿ ಅಗ್ರಗಣ್ಯಳು.

ಈಕೆಯ ಜೀವನವನ್ನು ಕುರಿತು 2019ರಲ್ಲಿ 'ಹ್ಯಾರಿಯೆಟ್' ಎಂಬ ಚಲನಚಿತ್ರವು ತೆರೆಗೆ ಬಂದಿತು. ಕ್ಯಾಸಿ ಲೆಮನ್ಸ್ ಅದರ ನಿರ್ದೇಶಕಿ. ನಾಯಿಕೆಯಾಗಿ ಅಭಿನಯಿಸಿದ ಸಿಂಥಿಯಾ ಎರಿವೊ ಅವರ ಹೆಸರು ಆಸ್ಕರ್ ಪ್ರಶಸ್ತಿಗೆ ಸೂಚಿತವಾಗಿತ್ತು. ಚಿತ್ರದಲ್ಲಿ ಗಿಡಿಯನ್ ಎಂಬ ತರುಣ ಧಣಿಯೊಬ್ಬನು ಆದ್ಯಂತ ಆಕೆಯ ಬೆನ್ನು ಹತ್ತುತ್ತಾನೆ. ಈತನು ಕಲ್ಪಿತ ಪಾತ್ರ. ತೆರೆಯ ಮೇಲೆ ಕಥೆ ನಡೆಯಬೇಕಾದರೆ ಖಳನೊಬ್ಬನು ಬೇಕಾಗುವುದು ಸಹಜವೇ. ಆದರೆ ಹ್ಯಾರಿಯೆಟ್ಟಳ ಬಾಳಿನ ನಿಜವಾದ ಶತ್ರುವಿಗೆ ಮುಖವಿರಲಿಲ್ಲ. ಅದು ಲೆಕ್ಕದ ಪುಸ್ತಕದಲ್ಲಿ ವಾಸವಾಗಿತ್ತು. ಆಕೆ ಹುಟ್ಟಿದ ಕಾಲವನ್ನು ಊಹಿಸಲು ಸಹ ಲೆಕ್ಕದ ಪುಸ್ತಕವೇ ಆಧಾರ. ಮೇರಿಲ್ಯಾಂಡ್ ಸಂಸ್ಥಾನದ ಡಾರ್ಚೆಸ್ಟರ್ ಪ್ರಾಂತದ ಜಮೀನುದಾರನೊಬ್ಬನು 1822ರ ಮಾರ್ಚ್ ತಿಂಗಳಲ್ಲಿ ರಿಟ್ ಎಂಬ ದಾಸಿಯ ಹೆರಿಗೆಗಾಗಿ ಸೂಲಗಿತ್ತಿಗೆ ಎರಡು ಡಾಲರು ಕೊಟ್ಟುದು ಲೆಕ್ಕಕ್ಕೆ ಏರಿದೆ. ಹುಟ್ಟಿದ ಶಿಶುವಿನ ಹೆಸರು ಅಲ್ಲಿಲ್ಲ.

ತಂದೆತಾಯಿಗಳು ಆ ಮಗುವಿಗೆ ಅರಮಿಂಟಾ ಎಂದು ಹೆಸರಿಟ್ಟರು. ಮನೆಯಲ್ಲಿ ಕರೆಯುತ್ತಿದ್ದುದು ಮಿಂಟಿ ಎಂದು. ತಂದೆ ಬೆನ್ ರಾಸ್ ಮರ ಕಡಿಯುವ ಕೆಲಸದಲ್ಲಿ ನಿಪುಣ. ಮಕ್ಕಳು ಒಂಬತ್ತು ಮಂದಿ. ಅವರಲ್ಲಿ ಮೂವರು ಹೆಣ್ಣುಮಕ್ಕಳನ್ನು ಧಣಿಯಾದ ಎಡ್ವರ್ಡ್ ಬ್ರೋಡೆಸನು ದೂರದ ದಕ್ಷಿಣಕ್ಕೆ ಮಾರಿಬಿಟ್ಟನು. ಅವರ ಮುಖವನ್ನು ಹೆತ್ತವರು ಮತ್ತೆ ಕಾಣಲಿಲ್ಲ. ಕಿರಿಯ ಮಗನೊಬ್ಬನನ್ನೂ ಮಾರಲು ಹೊರಟಾಗ ರಿಟ್ ಅವನನ್ನು ವಾರಗಟ್ಟಲೆ ಅಡಗಿಸಿಟ್ಟು, ಮನೆಯೊಳಕ್ಕೆ ಕಾಲಿಟ್ಟವನ ತಲೆಯನ್ನು ಸೀಳುವೆನೆಂದು ಬಾಗಿಲಲ್ಲಿ ನಿಂತಳು. ಮಾರಾಟ ನಿಂತುಹೋಯಿತು. ಎದುರು ನಿಂತರೆ ಧಣಿಯೂ ಹಿಂಜರಿಯುತ್ತಾನೆಂಬ ಪಾಠವು ಬಾಲಕಿಗೆ ಅಂದೇ ದೊರಕಿತು.

ಐದಾರು ವರ್ಷದ ಹಸುಳೆಯನ್ನು ಪರರ ಮನೆಗೆ ಬಾಡಿಗೆಗೆ ಕಳುಹಿಸಿದರು. ರಾತ್ರಿಯಿಡೀ ತೊಟ್ಟಿಲು ತೂಗುವುದು ಆಕೆಯ ಕೆಲಸ. ತೊಟ್ಟಿಲ ಕೂಸು ಅತ್ತಾಗಲೆಲ್ಲ ಆಕೆಗೆ ಚಾವಟಿಯ ಏಟು. ಆ ಗಾಯದ ಗೆರೆಗಳು ಮುಪ್ಪಿನವರೆಗೂ ಕೊರಳ ಹಿಂದೆ ಉಳಿದಿದ್ದವು. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಇನ್ನೂ ದೊಡ್ಡ ಪೆಟ್ಟು ಬಿದ್ದಿತು. ಬಕ್‌ಟೌನ್ ಎಂಬ ಹಳ್ಳಿಯ ಅಂಗಡಿಯಲ್ಲಿ ಓಡಿಹೋಗುತ್ತಿದ್ದ ದಾಸನೊಬ್ಬನ ಮೇಲೆ ಮೇಸ್ತ್ರಿಯು ತಕ್ಕಡಿಯ ಎರಡು ಪೌಂಡಿನ ತೂಕವನ್ನೆತ್ತಿ ಬೀಸಿದನು. ಅದು ಗುರಿ ತಪ್ಪಿ ಬಾಗಿಲ ಬಳಿಯಲ್ಲಿದ್ದ ಈಕೆಯ ತಲೆಯನ್ನು ಒಡೆಯಿತು. ಅಂದಿನಿಂದ ಮಾತನಾಡುತ್ತಿದ್ದಂತೆಯೇ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುವ ವ್ಯಾಧಿ ಆಕೆಯನ್ನು ಜೀವಮಾನವೆಲ್ಲ ಕಾಡಿತು. ಆ ಮಂಪರಿನಲ್ಲಿ ಕಂಡ ದೃಶ್ಯಗಳನ್ನು ಭಗವಂತನ ಅಪ್ಪಣೆಯೆಂದು ಆಕೆ ನಂಬಿದಳು. ಹೀಗೆ ಎಲ್ಲೆಂದರಲ್ಲಿ ಪ್ರಜ್ಞೆ ತಪ್ಪಬಹುದಾದವಳೊಬ್ಬಳು ಬೇಟೆನಾಯಿಗಳು ಅಟ್ಟಿಬರುವ ಕಾಡಿನಲ್ಲಿ ಇತರರಿಗೆ ದಾರಿ ತೋರಿಸಿದಳೆಂಬುದನ್ನು ಓದುವವರು ಮರೆಯಬಾರದು.

1844ರ ಸುಮಾರಿನಲ್ಲಿ ಜಾನ್ ಟಬ್ಮನ್ ಎಂಬ ಸ್ವತಂತ್ರನಾದ ಕರಿಯ ಗೃಹಸ್ಥನೊಡನೆ ವಿವಾಹವಾಯಿತು. ತಾಯಿಯ ಪೂರ್ಣನಾಮವಾದ ಹ್ಯಾರಿಯೆಟ್ ಎಂಬುದನ್ನು ತನ್ನ ಹೆಸರಾಗಿಸಿಕೊಂಡಳು. 1849ರಲ್ಲಿ ಧಣಿ ಬ್ರೋಡೆಸನು ಸತ್ತನು. ಅವನು ಬಿಟ್ಟುಹೋದ ಸಾಲಗಳನ್ನು ತೀರಿಸಲು ವಿಧವೆಯಾದ ಎಲೈಜಾ ದಾಸರನ್ನು ಮಾರುವ ಯೋಚನೆಯಲ್ಲಿದ್ದಳು. ಸಾಲ ಮಾಡಿದವನು ಒಬ್ಬ, ಅದಕ್ಕಾಗಿ ಮಾರಾಟವಾಗುವವರು ಬೇರೆ! ಆ ವರ್ಷದ ಸೆಪ್ಟೆಂಬರಿನಲ್ಲಿ ಹ್ಯಾರಿಯೆಟ್ ಇಬ್ಬರು ಸಹೋದರರೊಡನೆ ಓಡಿದಳು. ಎಲೈಜಾ ಪತ್ರಿಕೆಯಲ್ಲಿ ಬಹುಮಾನದ ಪ್ರಕಟಣೆ ಕೊಟ್ಟಳು. ಸಹೋದರರು ಅಂಜಿ, ಅವಳನ್ನೂ ಎಳೆದುಕೊಂಡು ಹಿಂದಿರುಗಿದರು. ಆಕೆ ಹೆಚ್ಚು ದಿನ ನಿಲ್ಲಲಿಲ್ಲ. ಒಬ್ಬಳೇ ಮತ್ತೆ ಹೊರಟಳು. ಸ್ವಾತಂತ್ರ್ಯದ ಗಡಿಯಾದ ಪೆನ್ಸಿಲ್ವೇನಿಯವು ಸುಮಾರು 145 ಕಿಲೋಮೀಟರು ದೂರ. ಬೆಂಗಳೂರಿನಿಂದ ರಾಮನಗರ, ಚನ್ನಪಟ್ಟಣಗಳ ಮೇಲೆ ಮೈಸೂರನ್ನು ಸೇರುವಷ್ಟು ದಾರಿಯೆಂದರೆ ನಮ್ಮವರಿಗೆ ತಿಳಿದೀತು. ಅದನ್ನು ಇರುಳಿನಲ್ಲಿ, ಜೌಗುನೆಲದಲ್ಲಿ, ಧ್ರುವನಕ್ಷತ್ರವನ್ನು ನೋಡಿಕೊಂಡು, ಅಕ್ಷರಜ್ಞಾನವಿಲ್ಲದ ಹೆಂಗಸು ಕಾಲ್ನಡಿಗೆಯಿಂದ ದಾಟಿದಳು. ದಾಸ್ಯವನ್ನು ಪಾಪವೆಂದೆಣಿಸಿದ ಕ್ವೇಕರ್ ಪಂಥದ ಸಜ್ಜನರೂ ಸ್ವತಂತ್ರರಾದ ಕರಿಯರೂ ಮನೆಯಿಂದ ಮನೆಗೆ ಗುಟ್ಟಾಗಿ ದಾಟಿಸುವ ಏರ್ಪಾಡೊಂದು ಆಗ ಇದ್ದಿತು. ಅದಕ್ಕೆ ನೆಲದಡಿಯ ರೈಲುದಾರಿಯೆಂದು ಸಂಕೇತನಾಮ. ಅಲ್ಲಿ ಹಳಿಯೂ ಇಲ್ಲ, ಬಂಡಿಯೂ ಇಲ್ಲ. ಬಾಗಿಲು ತೆರೆಯುವ ಮನೆಗಳೇ ನಿಲ್ದಾಣಗಳು.

ಫಿಲಡೆಲ್ಫಿಯಾ ನಗರವನ್ನು ಸೇರಿದ ಮೇಲೆ ಆಕೆಗೆ ದೊರೆತುದು ಸ್ವಾತಂತ್ರ್ಯ. ದೊರೆಯದೆ ಹೋದುದು ಸ್ವಾಗತಿಸುವ ಒಬ್ಬ ಬಂಧು. ತನ್ನವರೆಲ್ಲ ಮೇರಿಲ್ಯಾಂಡಿನಲ್ಲಿರುವಾಗ ತಾನೊಬ್ಬಳೇ ಬಿಡುಗಡೆ ಹೊಂದಿದುದನ್ನು ಬಿಡುಗಡೆಯೆನ್ನಲು ಆಕೆಯ ಮನಸ್ಸು ಒಪ್ಪಲಿಲ್ಲ. ಮನೆಗಳಲ್ಲಿ, ಹೋಟೆಲುಗಳಲ್ಲಿ ಅಡಿಗೆ ಮಾಡಿ, ಬಟ್ಟೆ ಒಗೆದು, ಕೂಲಿಯನ್ನು ಕೂಡಿಟ್ಟಳು. 1850ರಲ್ಲಿ ಹೊಸ ಕಾಯಿದೆಯೊಂದು ಬಂದು, ಉತ್ತರಕ್ಕೆ ಓಡಿಬಂದವರನ್ನೂ ಹಿಡಿದೊಪ್ಪಿಸುವುದು ಕಡ್ಡಾಯವಾಯಿತು. ಎಲ್ಲರೂ ಇನ್ನೂ ದೂರಕ್ಕೆ ಓಡುತ್ತಿದ್ದ ಆ ಸಮಯದಲ್ಲಿಯೇ ಹ್ಯಾರಿಯೆಟ್ ದಕ್ಷಿಣಕ್ಕೆ ಮುಖ ತಿರುಗಿಸಿದಳು. ಸೋದರಸೊಸೆ ಕೆಸೈಯಾಳನ್ನೂ ಆಕೆಯ ಎರಡು ಮಕ್ಕಳನ್ನೂ ಕೇಂಬ್ರಿಡ್ಜ್ ಎಂಬ ಊರಿನ ನ್ಯಾಯಾಲಯದೆದುರು ಹರಾಜಿಗೆ ಇಟ್ಟಿದ್ದರು. ಸ್ವತಂತ್ರನಾಗಿದ್ದ ಆಕೆಯ ಗಂಡನೇ ಜನರ ನಡುವೆ ನಿಂತು ಸವಾಲು ಕೂಗಿದನು. ಹಣ ಕಟ್ಟುವ ಹೊತ್ತಿಗೆ ಕೂಗಿದವನೂ ಇಲ್ಲ, ಕೊಂಡ ಸರಕೂ ಇಲ್ಲ! ದೋಣಿಯಲ್ಲಿ ಬಾಲ್ಟಿಮೋರನ್ನು ಸೇರಿದ ಆ ಸಂಸಾರವನ್ನು ಹ್ಯಾರಿಯೆಟ್ ಎದುರುಗೊಂಡು ಉತ್ತರಕ್ಕೆ ಕರೆದೊಯ್ದಳು. ಮರುವರ್ಷ ಗಂಡನನ್ನು ಕರೆತರಲು ಹೋದಾಗ ಆತನು ಬೇರೊಬ್ಬಳನ್ನು ಮದುವೆಯಾಗಿದ್ದನು. ಆ ದುಃಖವನ್ನು ನುಂಗಿ, ಬರಲು ಸಿದ್ಧರಾಗಿದ್ದ ಬೇರೆಯವರನ್ನು ಕರೆದುಕೊಂಡು ಹೊರಟಳು.

ಆಕೆಯ ಉಪಾಯಗಳು ಸರಳವಾಗಿದ್ದವು. ರಾತ್ರಿ ದೀರ್ಘವಾಗಿರುವ ಚಳಿಗಾಲವನ್ನೇ ಆರಿಸುತ್ತಿದ್ದಳು. ಶನಿವಾರ ರಾತ್ರಿ ಹೊರಟರೆ, ಓಡಿಹೋದವರ ಪ್ರಕಟಣೆಯು ಸೋಮವಾರದವರೆಗೆ ಅಚ್ಚಾಗುತ್ತಿರಲಿಲ್ಲ. ಹಸುಗೂಸುಗಳು ಅಳದಂತೆ ಅಫೀಮು ಬೆರೆತ ಔಷಧವನ್ನು ಕುಡಿಸುತ್ತಿದ್ದಳು. ಕೈಯಲ್ಲಿ ಪಿಸ್ತೂಲು ಇರುತ್ತಿತ್ತು. ನಡುದಾರಿಯಲ್ಲಿ ಎದೆಗುಂದಿ ಹಿಂದಿರುಗುವೆನೆಂದವನಿಗೆ ಅದನ್ನು ತೋರಿಸಿ ಮುಂದೆ ನಡೆಸುತ್ತಿದ್ದಳು. ಅಹಿಂಸೆಯನ್ನು ವ್ರತವಾಗಿ ಹಿಡಿದವರಿಗೆ ಇದು ಕಠೋರವಾಗಿ ಕಾಣಬಹುದು. ಹಿಂದಿರುಗಿದ ಒಬ್ಬನು ಬಾಯಿಬಿಟ್ಟರೆ ದಾರಿಯುದ್ದದ ಮನೆಗಳೆಲ್ಲ ಹಾಳಾಗುತ್ತಿದ್ದವೆಂಬುದನ್ನೂ ನೆನೆಯಬೇಕು. ವಿಲ್ಮಿಂಗ್ಟನ್ನಿನ ಕಬ್ಬಿಣದ ವ್ಯಾಪಾರಿ ಥಾಮಸ್ ಗ್ಯಾರೆಟ್, ಫಿಲಡೆಲ್ಫಿಯಾದ ವಿಲಿಯಂ ಸ್ಟಿಲ್ ಇವರ ನೆರವು ಆಕೆಗಿತ್ತು. ಬಂದವರನ್ನು ಕೆನಡಾದ ಸೇಂಟ್ ಕ್ಯಾಥರೀನ್ಸಿಗೆ ತಲಪಿಸುತ್ತಿದ್ದಳು. ಇಸ್ರೇಲರನ್ನು ದಾಸ್ಯದಿಂದ ಬಿಡಿಸಿದ ಮೋಶೆಯ ಹೆಸರಿನಿಂದಲೇ ಜನರು ಆಕೆಯನ್ನು ಕರೆದರು.

1854ರ ಕ್ರಿಸ್ಮಸ್ ಹಬ್ಬದ ಪ್ರಸಂಗವೊಂದನ್ನು ವಿಸ್ತರಿಸಿಯೇ ಹೇಳಬೇಕು. ಹಬ್ಬದ ಮರುದಿನ ಮೂವರು ಸಹೋದರರನ್ನೂ ಮಾರುವುದೆಂದು ಗೊತ್ತಾಗಿತ್ತು. ಹ್ಯಾರಿಯೆಟ್ ಬಂದು ಅವರನ್ನು ತಂದೆತಾಯಿಗಳ ಗುಡಿಸಿಲ ಸಮೀಪದ ಮೇವಿನ ಕೊಟ್ಟಿಗೆಯಲ್ಲಿ ಅಡಗಿಸಿದಳು. ಮಕ್ಕಳು ಹಬ್ಬದೂಟಕ್ಕೆ ಬರುವರೆಂದು ತಾಯಿ ಅಡಿಗೆ ಮಾಡಿ ಕಾದಿದ್ದಳು. ಆಕೆಗೆ ತಿಳಿಸಿದರೆ ಸಂತೋಷಕ್ಕೋ ದುಃಖಕ್ಕೋ ಕೂಗಿಬಿಡುವಳೆಂದು ತಿಳಿಸಲಿಲ್ಲ. ತಂದೆಗೆ ಮಾತ್ರ ಹೇಳಿಕಳುಹಿಸಿದರು. ಆ ವೃದ್ಧನು ಕಣ್ಣುಗಳಿಗೆ ಬಟ್ಟೆ ಕಟ್ಟಿಕೊಂಡು ಅನ್ನಾಹಾರವನ್ನು ತಂದುಕೊಟ್ಟನು. ನಾಳೆ ವಿಚಾರಣೆಗೆ ಬಂದವರು ಮಕ್ಕಳನ್ನು ನೋಡಿದೆಯಾ ಎಂದರೆ ನೋಡಿಲ್ಲವೆಂದು ಸುಳ್ಳಾಡದೆ ಹೇಳಬೇಕಲ್ಲವೆ! ಹೊರಡುವಾಗ ಮಕ್ಕಳು ತಂದೆಯ ತೋಳುಗಳನ್ನು ಹಿಡಿದು ಸ್ವಲ್ಪ ದೂರ ನಡೆಸಿಕೊಂಡು ಹೋದರು. ಹೋಗುವ ಮುನ್ನ ಗುಡಿಸಿಲ ಸಂದಿಯಿಂದ ತಾಯಿಯನ್ನು ನೋಡಿದರು. ಆಕೆ ಒಲೆಯ ಮುಂದೆ ತಲೆಗೆ ಕೈಹಚ್ಚಿ ಕುಳಿತಿದ್ದಳು. ಹ್ಯಾರಿಯೆಟ್ ತಾಯಿಯನ್ನು ಕಂಡು ಐದು ವರ್ಷಗಳಾಗಿದ್ದವು. ಒಳಕ್ಕೆ ಹೋಗದೆ ಹಾಗೆಯೇ ನಡೆದಳು. 1857ರಲ್ಲಿ ಹಳೆಯ ಚಕ್ರಗಳೆರಡಕ್ಕೆ ಹಲಗೆ ಬಿಗಿದು ಗಾಡಿ ಮಾಡಿ, ನಡೆಯಲಾರದ ತಂದೆತಾಯಿಗಳಿಬ್ಬರನ್ನೂ ಅದರಲ್ಲಿ ಕೂರಿಸಿ ಕರೆತಂದಳು.

ಆಕೆ 19 ಬಾರಿ ಹೋಗಿ 300 ಮಂದಿಯನ್ನು ಬಿಡಿಸಿದಳೆಂದೂ ಆಕೆಯ ತಲೆಗೆ 40,000 ಡಾಲರು ಬಹುಮಾನವಿದ್ದಿತೆಂದೂ ಬಹುಕಾಲ ಬರೆಯುತ್ತ ಬಂದರು. ಕೇಟ್ ಲಾರ್ಸನ್ ಮೊದಲಾದ ಇತಿಹಾಸಕಾರರು ದಾಖಲೆಗಳನ್ನು ಶೋಧಿಸಿ, ಸುಮಾರು 13 ಪ್ರಯಾಣಗಳಲ್ಲಿ ಸುಮಾರು 70 ಮಂದಿ ಎಂದು ನಿರ್ಣಯಿಸಿದ್ದಾರೆ. ದಾರಿ ಹೇಳಿಕೊಟ್ಟು ಕಳುಹಿಸಿದವರು ಇನ್ನೂ ಐವತ್ತು ಅರುವತ್ತು ಮಂದಿ. ಬಹುಮಾನದ ಕಥೆ ಕಟ್ಟುಕಥೆ. ಪುರಾಣದ ಕೋಟಿಯನ್ನು ನೂರೆಂದು ಓದಿಕೊಳ್ಳುವ ಅಭ್ಯಾಸವುಳ್ಳ ನಮಗೆ ಇದರಿಂದ ನಷ್ಟವೇನೂ ಇಲ್ಲ. ಮುನ್ನೂರೆಂಬುದು ಒಂದು ಸಂಖ್ಯೆ. ಆ ಎಪ್ಪತ್ತು ಮಂದಿಯಾದರೋ ಅಣ್ಣ, ತಮ್ಮ, ಸೊಸೆ, ನೆರೆಮನೆಯ ಬಾಣಂತಿ ಎಂದು ಒಬ್ಬೊಬ್ಬರಾಗಿ ಗುರುತು ಹಿಡಿಯಬಹುದಾದವರು.

ಬಿಡಿಸಲಾಗದೆ ಹೋದವಳೊಬ್ಬಳ ಹೆಸರೂ ಉಳಿದಿದೆ. ತಂಗಿ ರೇಚಲಳನ್ನು ಕರೆತರಲು ಹ್ಯಾರಿಯೆಟ್ ಹಲವು ವರ್ಷ ಪ್ರಯತ್ನಿಸಿದಳು. ಮಕ್ಕಳಿಬ್ಬರನ್ನು ಬಿಟ್ಟು ಬರಲು ರೇಚಲ್ ಒಪ್ಪಲಿಲ್ಲ. ಆ ಮಕ್ಕಳನ್ನು ಆಕೆಯಿಂದ ಬೇರೆಯಾಗಿ ಇರಿಸಿದ್ದರು. 1860ರ ಕೊನೆಯಲ್ಲಿ ಹ್ಯಾರಿಯೆಟ್ ಕಡೆಯ ಬಾರಿಗೆ ಹೋದಾಗ ತಂಗಿ ತೀರಿಕೊಂಡಿದ್ದಳು. ಮಕ್ಕಳನ್ನಾದರೂ ತರೋಣವೆಂದರೆ ಲಂಚಕ್ಕೆ 30 ಡಾಲರು ಬೇಕಾಗಿತ್ತು. ಆ ಹಣ ಆಕೆಯ ಬಳಿ ಇರಲಿಲ್ಲ. ಎನಲ್ಸ್ ಎಂಬ ಬೇರೊಂದು ಸಂಸಾರವನ್ನು ಕರೆದುಕೊಂಡು ಹಿಂದಿರುಗಿದಳು. ಮಕ್ಕಳು ಅಲ್ಲಿಯೇ ಉಳಿದರು.

ಮುಂದೆ ಅಂತರ್ಯುದ್ಧವು ಆರಂಭವಾಯಿತು. 1862ರಲ್ಲಿ ಆಕೆ ದಕ್ಷಿಣ ಕ್ಯಾರೊಲಿನಕ್ಕೆ ಹೋಗಿ ಸೇನೆಯಲ್ಲಿ ದಾದಿಯಾಗಿಯೂ ಗೂಢಚಾರಿಣಿಯಾಗಿಯೂ ದುಡಿದಳು. ಆಕೆಗೆ ಸರ್ಕಾರದ ಪಡಿ ದೊರೆಯುವುದನ್ನು ಕಂಡು, ಆಗತಾನೆ ಬಿಡುಗಡೆಯಾದ ಬಡವರು ಅಸಮಾಧಾನಪಟ್ಟರು. ಒಡನೆಯೇ ಪಡಿಯನ್ನು ಬಿಟ್ಟುಕೊಟ್ಟು, ಹಗಲು ರೋಗಿಗಳ ಸೇವೆ ಮಾಡಿ ರಾತ್ರಿ ತಿಂಡಿ, ಪಾನಕಗಳನ್ನು ತಯಾರಿಸಿ ಮಾರಿ ಹೊಟ್ಟೆ ಹೊರೆದಳು. ಅಂದಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಗಂಡನು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ಬಲ್ಲವರಿಗೆ ಈ ನಡತೆ ಅಪರಿಚಿತವೆನಿಸದು. 1863ರ ಜೂನ್ 2ರಂದು ಕರ್ನಲ್ ಮಾಂಟ್ಗೋಮರಿಯ ಪಡೆಯೊಡನೆ ಕಂಬಾಹೀ ನದಿಯಲ್ಲಿ ಸಾಗಿದ ದಾಳಿಗೆ ಆಕೆಯೇ ಮಾರ್ಗದರ್ಶಿ. ಹಬೆದೋಣಿಗಳ ಸಿಳ್ಳು ಕೇಳಿ ಭತ್ತದ ಗದ್ದೆಗಳಿಂದ ದಾಸರು ಓಡಿಬಂದರು. ಒಬ್ಬಳ ತಲೆಯ ಮೇಲೆ ಒಲೆಯಿಂದ ಇಳಿಸಿದ ಅನ್ನದ ಗಡಿಗೆ ಹಬೆಯಾಡುತ್ತಿತ್ತು. ಅಂದು ಒಂದೇ ದಿನ ಏಳುನೂರಕ್ಕೂ ಹೆಚ್ಚು ಜನರಿಗೆ ಬಿಡುಗಡೆಯಾಯಿತು. ಚಲನಚಿತ್ರವು ಈ ಪ್ರಸಂಗವನ್ನು ಕೊನೆಯಲ್ಲಿ ಅವಸರದಿಂದ ತೋರಿಸಿ ಮುಗಿಸುತ್ತದೆ.

ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಎಂಬ ಊರಿನಲ್ಲಿ ಆಕೆ 1859ರಲ್ಲಿಯೇ ಮನೆಯೊಂದನ್ನು ಕೊಂಡಿದ್ದಳು. ಯುದ್ಧಾನಂತರದ ಸುಮಾರು ಐವತ್ತು ವರ್ಷಗಳನ್ನು ಕಳೆದುದು ಅಲ್ಲಿಯೇ. ಯುದ್ಧದಲ್ಲಿ ದುಡಿದವಳಿಗೆ ಸರ್ಕಾರವು ಸರಿಯಾದ ವೇತನ ಕೊಡಲಿಲ್ಲ. ತಿಂಗಳಿಗೆ 20 ಡಾಲರು ವಿಶ್ರಾಂತಿ ವೇತನ ಗೊತ್ತಾದುದು 1899ರಲ್ಲಿ, ಆಕೆಗೆ ಎಪ್ಪತ್ತೇಳು ವರ್ಷವಾದಾಗ. ಬಂದ ಹಣವೂ ಮನೆಬಾಗಿಲಿಗೆ ಬಂದ ಅನಾಥರ, ಮುದುಕರ ಊಟಕ್ಕೇ ಸಂದಿತು. 1896ರಲ್ಲಿ ನೆರೆಯ 25 ಎಕರೆ ಜಮೀನು ಹರಾಜಿಗೆ ಬಂದಾಗ ಕೈಯಲ್ಲಿ ಕಾಸಿಲ್ಲದೆಯೇ ಸವಾಲು ಕೂಗಿ, ಆಮೇಲೆ ಚರ್ಚಿನವರ ನೆರವು ಪಡೆದು, ಬಡ ವೃದ್ಧರಿಗೊಂದು ಆಶ್ರಮ ಕಟ್ಟಲು ತೊಡಗಿದಳು. 1903ರಲ್ಲಿ ಆ ಆಸ್ತಿಯನ್ನು ತನ್ನ ಚರ್ಚಿಗೆ ಬರೆದುಕೊಟ್ಟಳು. ಆಶ್ರಮಕ್ಕೆ ಸೇರುವವರು 100 ಡಾಲರು ಕಟ್ಟಬೇಕೆಂದು ಆಡಳಿತದವರು ನಿಯಮ ಮಾಡಿದಾಗ ಆಕೆ ಕೆರಳಿದಳು. ಕೈಯಲ್ಲಿ ಏನೂ ಇಲ್ಲದವರನ್ನು ಮಾತ್ರ ಸೇರಿಸಿಕೊಳ್ಳಬೇಕೆಂಬುದು ಆಕೆ ಬಯಸಿದ್ದ ನಿಯಮ. 1908ರಲ್ಲಿ ಆಶ್ರಮದ ಬಾಗಿಲು ತೆರೆಯಿತು. 1911ರಲ್ಲಿ ನಡೆಯಲಾರದ ಸ್ಥಿತಿಯಲ್ಲಿ ಆಕೆಯೂ ಅಲ್ಲಿಗೆ ಸೇರಿ, 1913ರ ಮಾರ್ಚ್ 10ರಂದು ಶ್ವಾಸಕೋಶದ ಜ್ವರದಿಂದ ಕಾಲವಾದಳು. ಫೋರ್ಟ್ ಹಿಲ್ ಎಂಬ ಸ್ಮಶಾನದಲ್ಲಿ ಸೈನಿಕ ಮರ್ಯಾದೆಗಳೊಡನೆ ಸಮಾಧಿ ಮಾಡಿದರು.