ಡೊಮಿನಿಕ್ ಡಿಸೋಜಾ

ಚಿಕ್ಕೋಡಿ, ಅಥಣಿ, ಕಾಗವಾಡಗಳ ಜನರು ದೊಡ್ಡ ಕಾಯಿಲೆ ಬಂದರೆ ಮಿರಜಿನ ದಾರಿ ಹಿಡಿಯುವುದು ಹಳೆಯ ರೂಢಿ. ಅಲ್ಲಿ ಒಳ್ಳೆಯ ವೈದ್ಯರಿರುವುದು ಒಂದು ಕಾರಣ. ಕೆಲವು ಕಾಯಿಲೆಗಳ ಮಟ್ಟಿಗೆ, ಗುರುತಿನವರ ಕಣ್ಣು ತಪ್ಪುವುದು ಇನ್ನೊಂದು. ಗಂಡಸನ್ನೇ ಒಲಿದ ಗಂಡಸಿಗಂತೂ ಈ ಎರಡನೆಯ ಕಾರಣವೇ ದೊಡ್ಡದು. ಆ ಅಳುಕು ಬರಿಯ ಕಲ್ಪನೆಯದಲ್ಲವೆಂಬುದಕ್ಕೆ, ಬೆಳಗಾವಿಯಿಂದ ಘಟ್ಟವಿಳಿದರೆ ಸಿಗುವ ಗೋವೆಯಲ್ಲಿ ಬಾಳಿದ ಡೊಮಿನಿಕ್ ಡಿಸೋಜಾನ ಚರಿತ್ರೆಯೇ ಸಾಕ್ಷಿ.

ಮಾಪುಸಾದ ಸಮೀಪದ ಪರ್ರಾ ಗ್ರಾಮದ ತರುಣ ಆತ. ವನ್ಯಜೀವಿ ರಕ್ಷಣೆಯ ಸಂಸ್ಥೆಯಲ್ಲಿ ಕೆಲಸ; ನಾಟಕದ ಹವ್ಯಾಸ; ಆಗಾಗ ರಕ್ತದಾನ ಮಾಡುವ ಉದಾರ ಮನಸ್ಸು. ಆ ಔದಾರ್ಯವೇ ಮುಳುವಾಯಿತು. ಕೊಟ್ಟ ರಕ್ತದಲ್ಲಿ ಎಚ್‌ಐವಿ ಸೋಂಕು ಕಂಡಿತು. ಕಂಡವರು ಆತನಿಗೆ ತಿಳಿಸಲಿಲ್ಲ. 1989ರ ಫೆಬ್ರುವರಿ 14ರಂದು ಮನೆಗೆ ಬಂದವರು ವೈದ್ಯರಲ್ಲ, ಪೊಲೀಸರು!

ಗೋವೆಯ ಸಾರ್ವಜನಿಕ ಆರೋಗ್ಯ ಕಾಯಿದೆಯು ಆಗ ಸೋಂಕಿತರನ್ನು ಪ್ರತ್ಯೇಕವಾಗಿಡಬೇಕೆಂದು ವಿಧಿಸಿತ್ತು. ಬಳಕೆ ತಪ್ಪಿದ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ, ಕಾವಲುಗಾರರ ನಡುವೆ, ಆತನು 64 ದಿನಗಳನ್ನು ಕಳೆದನು. ಇದನ್ನು ಚಿಕಿತ್ಸೆಯೆಂದು ಯಾವ ಬಾಯಿಂದ ಕರೆಯೋಣ? ತಾಯಿ ಲೂಸಿ ಡಿಸೋಜಾ ಮುಂಬಯಿ ಉಚ್ಚ ನ್ಯಾಯಾಲಯದ ಗೋವೆಯ ಪೀಠಕ್ಕೆ ಮೊರೆಹೋದರು; ವಕೀಲ ಆನಂದ ಗ್ರೋವರ್ ವಾದಿಸಿದರು. ಮಗನು ಹೊರಬಂದನಾದರೂ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಸರಕಾರವು ಕಡ್ಡಾಯವನ್ನು ಸಡಿಲಿಸಿ, ಕೂಡಿಹಾಕುವುದನ್ನು ಅಧಿಕಾರಿಗಳ ವಿವೇಚನೆಗೆ ಬಿಟ್ಟಿತು, ಅಷ್ಟೆ.

ಇದ್ದ ನೌಕರಿ ಉಳಿಯಲಿಲ್ಲ. ಆದರೂ ಆತನು ಮೂಲೆ ಸೇರದೆ ತನ್ನ ಸೋಂಕನ್ನು ಬಹಿರಂಗವಾಗಿ ಹೇಳಿಕೊಂಡು, 1992ರಲ್ಲಿ ಗೆಳೆಯರೊಡನೆ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಯನ್ನು ಕಟ್ಟಿದನು. ಸೋಂಕನ್ನು ಹೇಳಿಕೊಂಡಂತೆ ಒಲವನ್ನು ಹೇಳಿಕೊಳ್ಳುವ ಕಾಲ ಅದಾಗಿರಲಿಲ್ಲ. ದಂಡಸಂಹಿತೆಯ 377ನೆಯ ಕಲಮಿನ ಕಣ್ಣಿಗೆ ಅದು ಅಪರಾಧ. ವೈದ್ಯನ ಮುಂದೆ ನಿಜ ನುಡಿಯುವುದೂ ಒಂದು ಬಗೆಯ ತಪ್ಪೊಪ್ಪಿಗೆಯೇ. ರೋಗಕ್ಕಿಂತ ಮೊದಲು ಈ ಭಯವೇ ಇಂಥ ಎಷ್ಟೋ ಜನರನ್ನು ಆಸ್ಪತ್ರೆಯ ಹೊಸ್ತಿಲಿನಿಂದ ಹಿಂದಕ್ಕಟ್ಟಿತು. ಸಂಸ್ಥೆ ಕಣ್ತೆರೆದ ವರುಷವೇ, ಮೇ ತಿಂಗಳಲ್ಲಿ, ಡೊಮಿನಿಕ್ ತೀರಿಕೊಂಡನು. ವಯಸ್ಸು ಮೂವತ್ತನ್ನು ದಾಟಿ ಬಹಳವಾಗಿರಲಿಲ್ಲ.

ಅದೇ ಗ್ರೋವರರು ಮುಂದೆ 377ನೆಯ ಕಲಮಿನ ವಿರುದ್ಧ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ವಾದಿಸಿದರು. ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು. ನಾಲ್ಕೇ ದಿನಗಳ ತರುವಾಯ, 10ರಂದು, 2017ರ ಎಚ್‌ಐವಿ ಕಾಯಿದೆ ಜಾರಿಗೆ ಬಂದಿತು. ಅದರ ಪ್ರಕಾರ ಸೋಂಕಿತರನ್ನು ಬೇರ್ಪಡಿಸಿ ಕೂಡಿಹಾಕುವಂತಿಲ್ಲ. ಸೋಂಕಿನ ನೆಪದಿಂದ ಚಿಕಿತ್ಸೆ ನಿರಾಕರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದಕ್ಕೂ ಗುಟ್ಟನ್ನು ಹೊರಗೆಡಹುವುದಕ್ಕೂ ತಡೆಯುಂಟು. ಗೋವೆಗೆ ಹೇಗೋ ಚಿಕ್ಕೋಡಿಯ ಆಸ್ಪತ್ರೆಗೂ ಆ ಕಾಯಿದೆ ಹಾಗೆಯೇ ಅನ್ವಯಿಸುತ್ತದೆ. ಅದು ಬರುವ ಹೊತ್ತಿಗೆ ಡೊಮಿನಿಕ್ ಸತ್ತು 26 ವರುಷಗಳಾಗಿದ್ದವು.